ಗೋಡೆಯಾಚೆಯ ವಯೋಲಾ

ಲಂಡನ್ನಿನ ಹ್ಯಾರೋದಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆಸ್ಪತ್ರೆಯ ಡ್ಯೂಟಿ ಇಲ್ಲದ ಶನಿವಾರ ಬೆಳಿಗ್ಗೆ ನಾನು ಚಾಪೆ ಹಾಸಿ, ಪಿಟೀಲಿನ ತುದಿಯನ್ನು ಪಾದದ ಮೇಲಿಟ್ಟುಕೊಂಡು, ಮೈಸೂರಿನಲ್ಲಿ ಕಲಿತ ವರ್ಣಗಳನ್ನು ನುಡಿಸುತ್ತಿದ್ದೆ. ಒಂದು ದಿನ ನಡುವೆಯೇ ಬೆಲ್ ಆಯಿತು. ಪಕ್ಕದ ಮನೆಯಾಕೆ ನಿಂತಿದ್ದರು. ಎಪ್ಪತ್ತು ದಾಟಿದವರು, ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು.

"ಗಲಾಟೆ ಆಯ್ತೇನೋ, ಸಾರಿ," ಎಂದೆ ನಾನೇ ಮೊದಲು.

"ಗಲಾಟೆ ಅಲ್ಲ. ನನಗೊಬ್ಬರು ಪಿಟೀಲಿನವರು ಬೇಕು," ಎಂದು ಹಳದಿಗಟ್ಟಿದ ಹಾಳೆಗಳನ್ನು ಮುಂದೆ ಚಾಚಿದರು.

ಅದು ಪಿಟೀಲಿಗೂ, ಅದಕ್ಕಿಂತ ತುಸು ದೊಡ್ಡದಾದ ವಯೋಲಾಕ್ಕೂ ಬರೆದ ಜೋಡಿವಾದನ. ಯಾವುದೋ ಹಳೆಯ ಕಾಲದ ಕುಣಿತದ ಮಟ್ಟನ್ನು ಎತ್ತಿಕೊಂಡು, ಬಹಳ ವರ್ಷಗಳ ನಂತರ ಇನ್ನೊಬ್ಬರು ಆವೇಶದಿಂದ ಬೆಳೆಸಿದ್ದು. ಈಕೆಯದು ವಯೋಲಾ; ಜೊತೆಗೆ ಪಿಟೀಲು ನುಡಿಸುತ್ತಿದ್ದ ಗೆಳತಿ ಊರು ಬಿಟ್ಟು ಹೋಗಿದ್ದರು. ಬೇಸಿಗೆಯಲ್ಲಿ ಚರ್ಚ್ ಹಾಲ್‌ನಲ್ಲಿ ಒಂದು ಪುಟ್ಟ ಕಛೇರಿಯಿತ್ತು.

"ನನಗೆ ನಿಮ್ಮ ಈ ಸ್ವರಲಿಪಿ ಓದೋಕೆ ಬರಲ್ಲ," ಎಂದೆ.

"ಕಿವಿ ಇದೆಯಲ್ಲ!"

ಅವರು ನುಡಿಸಿ ತೋರಿಸಿದರು, ನಾನು ಸರಿಗಮದಲ್ಲಿ ಬರೆದುಕೊಂಡೆ. ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ಹೊಸ ವೇಷದಲ್ಲಿ. ಪಲ್ಲವಿಗೆ ಸಂಗತಿ ಹಾಕಿದ ಹಾಗೆಯೇ! ನಠಭೈರವಿ ರಾಗದಂತೆ ಸಾಗಿ, ನಿಲ್ಲುವಲ್ಲಿ ಕೀರವಾಣಿಗೆ ತಿರುಗುತ್ತದೆ. ಕಷ್ಟದ ಕೆಲವು ಸುತ್ತುಗಳನ್ನು ಕೈಬಿಟ್ಟೆವು. ಆದರೆ ಗಮಕದ ಅಭ್ಯಾಸದಿಂದ ನನ್ನ ಗಾಂಧಾರ ಸುಮ್ಮನೆ ನಿಲ್ಲುತ್ತಿರಲಿಲ್ಲ.

"ಅಲ್ಲಾಡಿಸಬೇಡಿ!" ಎಂದು ಅವರು ಕಮಾನಿನಿಂದ ಹಾಳೆಯ ಸ್ಟ್ಯಾಂಡ್ ಕುಟ್ಟುತ್ತಿದ್ದರು.

"ನಾನಲ್ಲ, ಅದೇ ಅಲ್ಲಾಡತ್ತೆ," ಎಂದು ನಾನು ನಗುತ್ತಿದ್ದೆ.

ಕಛೇರಿಯ ಮಧ್ಯಾಹ್ನ ಅವರು ಕುರ್ಚಿಯಲ್ಲಿ, ನಾನು ಪಕ್ಕದ ಮೇಜಿನ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತೆ. ನನ್ನ ಮಗಳು ಮೊದಲ ಸಾಲಿನಲ್ಲಿದ್ದಳು. ಅರ್ಧದವರೆಗೆ ಎಲ್ಲ ಸರಿಯಾಗಿತ್ತು. ಆಮೇಲೆ ಯಾವ ಸುತ್ತಿನಲ್ಲಿದ್ದೇನೆಂಬುದೇ ಮರೆತುಹೋಯಿತು. ನಿಲ್ಲಿಸಲು ಧೈರ್ಯವಾಗದೆ, ಆ ಸಾಲಿನ ಮೇಲೆ ಕೈಗೆ ಬಂದ ಸ್ವರಗಳನ್ನು ಹಾಕತೊಡಗಿದೆ. ಗಾಂಧಾರ ಮನಸೋ ಇಚ್ಛೆ ತೂಗಾಡಿತು. ಅವರು ಹುಬ್ಬೇರಿಸಿ ಒಮ್ಮೆ ನನ್ನತ್ತ ನೋಡಿದರು, ಮರುಕ್ಷಣವೇ ಹಾಳೆ ಬಿಟ್ಟು, ಮತ್ತೆ ಮತ್ತೆ ಬರುವ ಆ ಮೂಲ ಸಾಲನ್ನೇ ಕೆಳಸ್ಥಾಯಿಯಲ್ಲಿ ಹಿಡಿದು ನುಡಿಸತೊಡಗಿದರು. ಮೂರು ಸುತ್ತು ಹಾಗೆಯೇ ಓಡಿದೆವು. ನಾಲ್ಕನೆಯದರಲ್ಲಿ ಅವರು ಮುಂದಿನ ಭಾಗದ ಎತ್ತುಗಡೆಯನ್ನು ಜೋರಾಗಿ ನುಡಿಸಿದರು. ನಾನು ಗಬಕ್ಕನೆ ಹಿಡಿದುಕೊಂಡೆ. ಕೊನೆಗೆ ಇಬ್ಬರ ಕಮಾನುಗಳೂ ಒಟ್ಟಿಗೇ ನಿಂತವು.

ಜನ ಎದ್ದು ಚಪ್ಪಾಳೆ ತಟ್ಟಿದರು. ಮಗಳು ಓಡಿಬಂದು, "ಅಮ್ಮಾ, ಯು ಟೋಟಲಿ ಮೇಡ್ ದಟ್ ಅಪ್! ಎಲ್ಲ ನೀನೇ ಕಟ್ಟಿದ್ದು!" ಎಂದು ಕಿವಿಯಲ್ಲಿ ಪಿಸುಗುಟ್ಟಿದಳು.

"ಸುಮ್ನಿರೇ, ಯಾರಿಗೂ ಹೇಳ್ಬೇಡ," ಎಂದೆ.

ಹಿಂದೆಯೇ ನಿಂತಿದ್ದ ಪಕ್ಕದ ಮನೆಯಾಕೆಗೆ ಕನ್ನಡ ಬಾರದಿದ್ದರೂ ವಿಷಯ ತಿಳಿದಿತ್ತು. ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಮರುದಿನ ಕೇಕ್ ಹಿಡಿದು ಮನೆಗೆ ಬಂದರು. ಜೊತೆಗೆ ತಂದ ಆ ಜೋಡಿವಾದನದ ಹಾಳೆಯ ನಡುವೆ ಪೆನ್ಸಿಲಿನಲ್ಲಿ ಒಂದು ದೊಡ್ಡ ಆವರಣ ಹಾಕಿದ್ದರು.

"ಇಲ್ಲಿ ಪ್ರತಿ ಸಲ ನೀವು ದಾರಿ ತಪ್ಪಬೇಕು," ಎಂದರು. "ಈಗ ಚಾಪೆ ಹಾಸಿ, ಆ ಅಲ್ಲಾಡಿಸೋದನ್ನ ನನಗೂ ಕಲಿಸಿ."