ಟವೆಲ್ಲಿನಲ್ಲಿದ್ದ ಟೊಮೆಟೊ

ಕೋವಿಡ್ ಕಳೆದ ಮರುವರ್ಷ ನಾನು ಸೂಳಗಿರಿ ಬಳಿ ವಾಹನಗಳ ವೈರಿಂಗ್ ಜೋಡಿಸುವ ಕಾರ್ಖಾನೆಯೊಂದರಲ್ಲಿ ವೆಲ್‌ಫೇರ್ ಆಫೀಸರ್ ಆಗಿದ್ದೆ. ಕಾರ್ಮಿಕರ ಕ್ಯಾಂಟೀನು, ಬಸ್ಸು, ರಜೆ, ಜಗಳ ಎಲ್ಲ ನನ್ನ ಪಾಲಿನವು. ಹೆಸರಿಗೆ ವೆಲ್‌ಫೇರ್, ದಿನದ ಮುಕ್ಕಾಲು ಪಾಲು ಹೋಗುತ್ತಿದ್ದದ್ದು ಸಾಂಬಾರು ನೀರಾಗಿದೆ ಎಂಬ ದೂರು ಕೇಳುವುದಕ್ಕೆ. ಇಡೀ ಸರ್ವೀಸಿನಲ್ಲಿ ನನ್ನ ನೆಮ್ಮದಿ ಕೆಡಿಸಿದ ಕೇಸು ಒಂದೇ. ಅದು ಶುರುವಾದದ್ದೂ ಅದೇ ಕ್ಯಾಂಟೀನಿನಲ್ಲಿ.

ಒಂದು ದಿನ ಊಟದ ಹೊತ್ತಿಗೆ ಕೂಗಾಟ ಕೇಳಿ ಓಡಿದೆ. ಪ್ಯಾಕಿಂಗ್ ವಿಭಾಗದ ಗೌರಮ್ಮ ಸ್ಟೀಲ್ ತಟ್ಟೆ ಹಿಡಿದು ನಿಂತಿದ್ದಳು. ಎದುರಿಗಿದ್ದ ವೆಂಕಟೇಶನ ಹಣೆಯಿಂದ ರಕ್ತ ಇಳಿಯುತ್ತಿತ್ತು. ಅವನು ಕಾಂಟ್ರಾಕ್ಟರ್ ಕಡೆಯಿಂದ ಕ್ಲೀನಿಂಗ್ ಕೆಲಸಕ್ಕೆ ಆಗತಾನೇ ಸೇರಿದ್ದವನು. ಗೌರಮ್ಮನೋ, ಸೇರಿದಂದಿನಿಂದ ಒಬ್ಬರಿಗೂ ಎದುರು ಮಾತಾಡದ ಹೆಂಗಸು.

ಕಾರ್ಖಾನೆಯೊಳಗೆ ಕೈಮಾಡಿದರೆ ಕೆಲಸ ಹೋಗುತ್ತದೆ. ಅದಕ್ಕೆ ಮೊದಲು ಡೊಮೆಸ್ಟಿಕ್ ಎನ್‌ಕ್ವೈರಿ ನಡೆಯಬೇಕು. ಅಂದರೆ ಕಂಪನಿಯೇ ಎರಡೂ ಕಡೆಯವರ ಮಾತು ಕೇಳಬೇಕು. "ಶಾಸ್ತ್ರಕ್ಕೊಂದು ಎನ್‌ಕ್ವೈರಿ ಮಾಡಿ ಕಳಿಸಿಬಿಡಿ" ಎಂದರು ಮ್ಯಾನೇಜರ್. ಎನ್‌ಕ್ವೈರಿಗೆ ಮುಂಚೆ ಇಬ್ಬರನ್ನೂ ಕೂರಿಸಿ ಮಾತಾಡುವುದು ನನ್ನ ರೂಢಿ. ಹಾಗೇ ಕರೆಸಿದೆ.

"ಕಂಪ್ಲೇಂಟ್ ಬ್ಯಾಡ ಮೇಡಮ್. ನಾನು ಗೌರಕ್ಕನ್ನ ಕ್ಷಮಿಸ್ಬುಟ್ಟಿದೀನಿ" ಎಂದ ವೆಂಕಟೇಶ.

ಗೌರಮ್ಮ ನಕ್ಕಳು. ಅಂಥ ನಗು ನಾನು ಮತ್ತೆ ಕೇಳಿಲ್ಲ.

ಅವರಿಬ್ಬರ ಮಾತಿನಿಂದ ನನಗೆ ತಿಳಿದದ್ದು ಇಷ್ಟು. ಇಬ್ಬರೂ ಸಾನಮಾವು ಕಾಡಂಚಿನ ಒಂದೇ ಊರಿನವರು, ಹೊಲಗಳೂ ಅಕ್ಕಪಕ್ಕ. ಆನೆ, ಹಂದಿ ಬಾರದಿರಲೆಂದು ವೆಂಕಟೇಶ ತನ್ನ ಟೊಮೆಟೊ ತೋಟದ ಸುತ್ತ ತಂತಿ ಎಳೆದು, ಕಂಬದಿಂದ ಕದ್ದು ಕರೆಂಟು ಕೊಟ್ಟಿದ್ದ. ಕಾನೂನು ಒಪ್ಪುವ ಸೋಲಾರ್ ಬೇಲಿ ಪ್ರಾಣಿಯನ್ನು ಬೆದರಿಸುತ್ತದೆ, ಕದ್ದ ಕರೆಂಟು ಕೊಂದೇ ಬಿಡುತ್ತದೆ. ಆ ತಂತಿಗೆ ಬಲಿಯಾದವನು ಗೌರಮ್ಮನ ಗಂಡ ಮುನಿರಾಜು. ವೆಂಕಟೇಶ ಜೈಲಿಗೆ ಹೋದ, ಅಲ್ಲಿಗೆ ಬರುತ್ತಿದ್ದ ಪಾದ್ರಿಯೊಬ್ಬರ ಪ್ರಾರ್ಥನೆಗೆ ಕೂತು ಕ್ರೈಸ್ತನಾದ. ಬಿಡುಗಡೆಯಾದ ಮೇಲೆ ರಾಯಕೋಟೆ, ಕೃಷ್ಣಗಿರಿ, ಎಲ್ಲಿ ಪ್ರಾರ್ಥನಾ ಕೂಟವೋ ಅಲ್ಲಿ ಸಾಕ್ಷಿ ಹೇಳುತ್ತಿದ್ದ. ಸಾಕ್ಷಿ ಎಂದರೆ ತನ್ನ ಹಳೆಯ ಪಾಪವನ್ನೂ ದೇವರು ತನ್ನನ್ನು ಬದಲಿಸಿದ್ದನ್ನೂ ಸಭೆಯ ಮುಂದೆ ಹೇಳಿಕೊಳ್ಳುವುದು.

ನಾನು ಹುಟ್ಟು ಕ್ಯಾಥೊಲಿಕ್. ಹೊಸದಾಗಿ ನಂಬಿದವರ ಉತ್ಸಾಹ ಕಂಡರೆ, ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಎಂದು ಒಳಗೇ ನಗುವ ಜಾತಿ ನನ್ನದು. ಆದರೆ ಇದನ್ನೆಲ್ಲ ಹೇಳುತ್ತ ಇವನು ಸುರಿಸಿದ ಕಣ್ಣೀರು ನಾಟಕವಾಗಿರಲಿಲ್ಲ.

"ಊಟ ಮಾಡ್ತಾ ಇದ್ದೆ ಮೇಡಮ್" ಎಂದಳು ಗೌರಮ್ಮ. "ಬಂದು ಎದುರಿಗೆ ಕುಂತ. ಏಸು ನನ್ನ ಪಾಪ ತೊಳ್ದವ್ನೆ ಅಕ್ಕ, ಹಳೇ ವೆಂಕಟೇಶ ಸತ್ತೋದ ಅಂದ. ಸತ್ತೋಗಿದ್ದು ನನ್ನ ಗಂಡ ಮೇಡಮ್, ಇವನಲ್ಲ!"

ಅವಳೇ ಮುಂದುವರಿಸಿದಳು. "ಹೆಣದ ಟವೆಲ್ಲಲ್ಲಿ ಟೊಮೆಟೊ ಸಿಕ್ತು, ಕದಿಯಾಕೆ ಬಂದಿದ್ದ ಅಂತ ಇವನ ಕಡೆಯವ್ರು ಕೋರ್ಟಲ್ಲಿ ಹೇಳಿದ್ರು. ಆ ವರ್ಷ ನಮ್ಮ ಹೊಲದಲ್ಲೇ ಹಣ್ಣು ಕೊಳೀತಿತ್ತು. ಕಿತ್ತರೆ ಕೂಲೀನೂ ಹುಟ್ಟಲ್ಲ ಅಂತ ಹಂಗೇ ಬಿಟ್ಟಿದ್ವಿ. ಇವನ ಹಣ್ಣು ಯಾಕೆ ಕದೀತಾನೆ? ಈಗ ನಮ್ಮ ಹೊಲಕ್ಕೆ ಮುಯ್ಯಾಳೂ ಬರಲ್ಲ. ನನ್ನ ಮಗಳನ್ನ ಕಳ್ಳನ ಮಗಳು ಅಂತಾರೆ."

ಮುಯ್ಯಾಳು ಎಂದರೆ ಕೂಲಿಯಿಲ್ಲದೆ ಒಬ್ಬರ ಹೊಲಕ್ಕೆ ಇನ್ನೊಬ್ಬರು ದುಡಿಯಲು ಹೋಗುವ ವಾಡಿಕೆ. ಅದು ನಿಂತರೆ ಊರು ಕೈಬಿಟ್ಟಿತು ಎಂದೇ ಅರ್ಥ. ನಾನು ವೆಂಕಟೇಶನ ಮುಖ ನೋಡಿದೆ, ಅವನು ನೆಲ ನೋಡುತ್ತಿದ್ದ. ಗೌರಮ್ಮನನ್ನು ಹೊರಗೆ ಕಳಿಸಿ ಕದ ಮುಂದೆ ಮಾಡಿದೆ.

"ಟವೆಲ್ಲಿಗೆ ಹಣ್ಣು ತುಂಬಿದ್ದು ಯಾರು?"

"ದೇವರಿಗೆ ಹೇಳಿದೀನಿ ಮೇಡಮ್" ಎಂದ.

"ದೇವರಿಗೆ ಮೊದಲೇ ಗೊತ್ತಿತ್ತಲ್ಲಪ್ಪ. ಗೊತ್ತಿಲ್ಲದವರಿಗೆ ಹೇಳಿದಿರಾ?"

"ಹಿಂದಿಂದೆಲ್ಲ ಬಿಟ್ಬುಡು ಅಂತ ಪಾಸ್ಟರ್ ಹೇಳವ್ರೆ. ನಾನು ಬಿಟ್ಬುಟ್ಟಿದೀನಿ."

"ನೀವು ಬಿಟ್ಟಿರಿ. ಅದು ಹೋಗಿ ಆ ಹೆಂಗಸಿನ ಬಾಗಿಲಲ್ಲಿ ಬಿದ್ದಿದೆ" ಎಂದೆ. ನನಗೆ ಸಿಟ್ಟು ಬಂದಿತ್ತು, ಬಚ್ಚಿಡಲಿಲ್ಲ. ನಮ್ಮ ಮನೆಯಲ್ಲಿ ಕಲಿಸಿದ್ದು, ಕದ್ದ ಮಾಲು ಕಂಕುಳಲ್ಲಿಟ್ಟುಕೊಂಡು ಪಾಪನಿವೇದನೆಗೆ ಹೋಗಬಾರದು ಎಂದು. ಇವನ ಹತ್ತಿರ ಉಳಿದಿದ್ದ ಕದ್ದ ಮಾಲು, ಸತ್ತವನ ಒಳ್ಳೆಯ ಹೆಸರು. ನಿಜ ಬಾಯಿಬಿಟ್ಟರೆ ಪೊಲೀಸರು ಮತ್ತೆ ಬರಬಹುದು, ಮನೆಯವರು ಕೈಬಿಡಬಹುದು ಎಂದೂ ಬಿಡಿಸಿ ಹೇಳಿದೆ. ಅವನು ಎದ್ದು ಹೋದ, ಮಾರನೆಯ ದಿನದಿಂದ ಕೆಲಸಕ್ಕೂ ಬರಲಿಲ್ಲ. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಗೌರಮ್ಮನ ಎನ್‌ಕ್ವೈರಿಗೆ ದಿನ ನಿಗದಿಯಾಯಿತು.

ಅದಕ್ಕೆ ಮುಂಚಿನ ಶನಿವಾರ ಅವನ ಫೋನು. "ನಾಳೆ ಊರಲ್ಲಿ ಹೇಳ್ತೀನಿ ಮೇಡಮ್. ನೀವು ಬಂದ್ರೆ ಧೈರ್ಯ." ದನಿ ಜ್ವರ ಬಂದವನ ದನಿಯಂತಿತ್ತು.

ಭಾನುವಾರ ಚರ್ಚು ಮುಗಿಸಿಕೊಂಡು ಹೋದೆ. ಊರ ಮುಂದಿನ ಕಟ್ಟೆಯ ಮೇಲೆ ಹಿರಿಯರಿದ್ದರು, ವೆಂಕಟೇಶನ ಅಣ್ಣನೂ ಇದ್ದ. ಗೌರಮ್ಮ ಮಗಳ ಜೊತೆ ದೂರ ನಿಂತಿದ್ದಳು. ಕೂಟಗಳಲ್ಲಿ ಮೈಕು ಹಿಡಿದು ಸಲೀಸಾಗಿ ಮಾತಾಡುತ್ತಿದ್ದ ಮನುಷ್ಯನಿಗೆ ಇಲ್ಲಿ ಮಾತು ಒಂದೊಂದಾಗಿ ಬಂತು.

"ಮುನಿರಾಜಣ್ಣ ಕಳ್ಳ ಅಲ್ಲ" ಎಂದ. "ಬೆಳಗಿನ ಜಾವ ಎಮ್ಮೆ ಹುಡುಕ್ಕೊಂಡು ಕಾಲುದಾರಿಲಿ ಬರ್ತಿದ್ದ. ತಂತಿ ದಾರಿಗೇ ಅಡ್ಡ ಬಂದಿತ್ತು. ಕರೆಂಟು ತೆಗ್ದು, ನಾನೂ ನಮ್ಮಣ್ಣನೂ ಅವನನ್ನ ತೋಟದೊಳಕ್ಕೆ ಎಳ್ಕೊಂಡು ಹೋದ್ವಿ. ಟವೆಲ್ಲಿಗೆ ಹಣ್ಣು ತುಂಬಿದ್ದು ನಾನೇ."

ಅಣ್ಣ ಕಟ್ಟೆಯಿಂದ ಇಳಿದು ಬಂದು ಕೆನ್ನೆಗೆ ಬಾರಿಸಿದ. "ಏನ್ಲಾ ಬೊಗಳ್ತೀಯ? ಮನೆ ಕಡೆ ಕಾಲಿಟ್ಟೀಯ, ಹುಷಾರ್ ಕಣ್ಲಾ!" ಹಿರಿಯರೊಬ್ಬರು ತಡೆದರು. ಯಾರೂ ಆ ಮಾತು ಸುಳ್ಳೆನ್ನಲಿಲ್ಲ.

ಗೌರಮ್ಮ ಹತ್ತಿರ ಬಂದಳು. ಉಗಿಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡೆ. ಅವಳು ಕೇಳಿದ್ದು ಒಂದೇ.

"ನೀವು ಎಳ್ಕೊಂಡು ಹೋಗುವಾಗ ಜೀವ ಇತ್ತಾ?"

"ಗೊತ್ತಿಲ್ಲಕ್ಕ. ನೋಡ್ಲಿಲ್ಲ" ಎಂದ ವೆಂಕಟೇಶ.

ಅವಳು ಮಗಳ ಕೈ ಹಿಡಿದುಕೊಂಡು ಮನೆಗೆ ಹೋದಳು.

ವೆಂಕಟೇಶ ತಾನಾಗಿಯೇ ಸ್ಟೇಷನ್ನಿಗೆ ಹೋದ. ಕೇಸು ಇನ್ನೂ ನಡೆಯುತ್ತಿದೆ. ನಾನು ಕಂಡದ್ದನ್ನೆಲ್ಲ ಎನ್‌ಕ್ವೈರಿಗೆ ಬರೆದುಕೊಟ್ಟ ಮೇಲೆ, ಗೌರಮ್ಮನಿಗೆ ಎಚ್ಚರಿಕೆ ಕೊಟ್ಟು ಕೆಲಸದಲ್ಲಿ ಉಳಿಸಿಕೊಂಡರು. ಅವನನ್ನು ಕ್ಷಮಿಸಿದೆಯಾ ಎಂದು ನಾನು ಕೇಳಿದ್ದು ತಪ್ಪೇ ಇರಬೇಕು. "ಅದನ್ನ ಮಾತ್ರ ಕೇಳ್ಬ್ಯಾಡಿ ಮೇಡಮ್. ನನ್ನ ಮಗಳು ತಲೆ ಎತ್ಕೊಂಡು ಬಸ್ಸಿಗೆ ಹೋಯ್ತಾಳೆ ಈಗ" ಎಂದಳು.

ದೇವರು ಮನುಷ್ಯನ ಹೊರೆ ಇಳಿಸುತ್ತಾನೆ ಎಂದು ನಾನು ಇವತ್ತಿಗೂ ನಂಬುತ್ತೇನೆ. ಆದರೆ ಹಳೆಯದನ್ನೆಲ್ಲ ಇಳಿಸಿಬಿಟ್ಟೆ ಎಂದು ಯಾರಾದರೂ ಹಗುರಾಗಿ ಹೇಳಿದರೆ, ಯಾರ ತಲೆಯ ಮೇಲೆ ಇಳಿಸಿದಿರಿ ಎಂದು ಕೇಳುವುದನ್ನು ಆ ಕೆಲಸ ನನಗೆ ಕಲಿಸಿತು.