ಪರದೆಯ ಹಿಂದಿನ ಮುದಿ ರಾಜ

ಸಾವಿತ್ರವ್ವ ದನಿ ಎತ್ತಿದರೆ ಗೋಕಾಕದ ಜಲಪಾತವೂ ಒಂದು ಗಳಿಗೆ ನಿಂತು ಕೇಳುತ್ತಿತ್ತು ಎಂದು ಹಳಬರು ಹೇಳುತ್ತಾರೆ. ಅದು ಸ್ವಲ್ಪ ಹೆಚ್ಚಾಯಿತು. ಜಲಪಾತ ನಿಲ್ಲುತ್ತಿರಲಿಲ್ಲ, ಸದ್ದು ಮಾತ್ರ ತಗ್ಗಿಸುತ್ತಿತ್ತು.

ಸಿನಿಮಾ ಇನ್ನೂ ಮೂಕಿಯಾಗಿದ್ದ ಕಾಲವದು. ಖಂಡೆಪ್ಪನ ತಂಬುವಿನಲ್ಲಿ ಪರದೆಯ ಮೇಲೆ ರಾಜ ರಾಣಿಯರು ಬರಿದೇ ಬಾಯಾಡಿಸಿದರೆ, ಪರದೆಯ ಹಿಂದೆ ಕೂತು ಆ ಬಾಯಿಗೆ ಸರಿಯಾಗಿ ಕನ್ನಡ ತುಂಬುವವರು ಇಬ್ಬರು: ಗಂಡಸರಿಗೆಲ್ಲ ಖಂಡೆಪ್ಪ, ಹೆಂಗಸರಿಗೆಲ್ಲ ಸಾವಿತ್ರವ್ವ. ಅವಳು ಮೂಡಲಗಿಯ ಕುರುಬರ ಮನೆಯ ಸೊಸೆ. ಗಂಡ ತೀರಿದ ಮೇಲೆ ಮಾವ ಬೀರಸಿದ್ದಪ್ಪನ ಹಟ್ಟಿಯಲ್ಲಿ ಮೂಲೆ ಹಿಡಿದವಳು. ಕುರಿಗಳ ಹೊರತು ಯಾರೊಡನೆಯೂ ಮಾತಿಲ್ಲ. ಕಡೆಗೆ ಗಿರಣಿಯಲ್ಲಿ ನೂಲು ಸುತ್ತುತ್ತೇನೆಂದು ಸುಳ್ಳು ಹೇಳಿ ಗೋಕಾಕಕ್ಕೆ ಬಂದಿದ್ದಳು. ಮಂದಿಯ ಮುಂದೆ ದನಿ ತೆಗೆಯುತ್ತಾಳೆಂದು ತಿಳಿದರೆ ಮಾವ ಎಳೆದೊಯ್ದು ಮತ್ತೆ ಅದೇ ಮೂಲೆಯಲ್ಲಿ ಕೂರಿಸುವುದು ಖಾತ್ರಿ.

ಒಂದು ಸಂಜೆ ಆಟ ಶುರುವಾಗುವ ಮುಂಚೆ ಪರದೆಯ ತೂತಿಗೆ ಕಣ್ಣಿಟ್ಟ ಸಾವಿತ್ರವ್ವ ಥಟ್ಟನೆ ಹಿಂದೆ ಸರಿದಳು. ಮುಂದಿನ ಸಾಲಿನಲ್ಲೇ ಕಂಬಳಿ ಹೊದ್ದು, ಕೋಲು ಊರಿಕೊಂಡು ಬೀರಸಿದ್ದಪ್ಪ! ಹುಕ್ಕೇರಿ ಕಡೆ ಹೊರಟವನು ತಂಬುವಿನ ಬಾಜೂ ಹೊಲದಲ್ಲಿ ತಡಿಕೆ ಕಟ್ಟಿ ಕುರಿ ತರುಬಿ, ಮೂಕ ಚಿತ್ರ ಮಾತಾಡುತ್ತದಂತೆ ನೋಡೋಣವೆಂದು ಬಂದಿದ್ದ.

"ಅಣ್ಣಾರ, ನಮ್ಮ ಮಾವ ಬಂದಾರ್ರಿ! ಒಂದ ಮಾತು ಕೇಳಿದ್ರ ಗುರ್ತ ಹಿಡೀತಾರ."

ಖಂಡೆಪ್ಪ ಬೆವರು ಒರೆಸಿಕೊಂಡ. "ಮಂದಿ ತುಂಬಿ ಕುಂತಾರವ್ವ, ಆಟ ನಿಂತ್ರ ತಂಬುಕ್ಕ ಬೆಂಕಿ ಹಚ್ತಾರ. ಒಂದ ಕೆಲಸ ಮಾಡು. ರಾಜಕುಮಾರಿ ನಾ ಆಗ್ತೇನಿ. ಮುದಿ ರಾಜ ನೀ ಆಗು."

ದೀಪ ಆರಿತು. ರಾಜಕುಮಾರಿ ಬಾಯಿ ತೆರೆದಳು. ಎಣ್ಣೆ ಕಾಣದ ಗಾಣದಂಥ ದನಿ ಹೊರಟಿತು.

"ಏ, ರಾಜಕುಮಾರಿಗಿ ಮೀಸಿ ಬಂದಾವೇನಲೇ!" ಹಿಂದಿನಿಂದ ಯಾರೋ ಕೂಗಿದರು.

ರಾಜನ ಸರದಿ ಬಂತು. ಸಾವಿತ್ರವ್ವ ದನಿಯನ್ನು ಹೊಟ್ಟೆಯ ಆಳಕ್ಕಿಳಿಸಿ, ಗೊಗ್ಗರು ಮಾಡಿ, ಕೆಮ್ಮಿ ಮಾತಾಡಿದಳು. ಮಂದಿ ಗಪ್ಪಾದರು. ಆಗಲೇ ಅವಳಿಗೆ ಹೊಳೆದದ್ದು: ಅವಳು ಬಲ್ಲ ಮುದುಕನೆಂದರೆ ಒಬ್ಬನೇ. ಆ ಕೆಮ್ಮು, ಮಾತಿನ ನಡುವೆ "ಹ್ಞಾಂ" ಎಂದು ಉಸಿರೆಳೆಯುವ ರೀತಿ, ಎಲ್ಲವೂ ಮಾವನದೇ! ತೂತಿನಲ್ಲಿ ನೋಡಿದಳು. ಬೀರಸಿದ್ದಪ್ಪ ತನ್ನ ಗಂಟಲನ್ನು ತಾನೇ ಮುಟ್ಟಿ ನೋಡಿಕೊಳ್ಳುತ್ತಿದ್ದ. ಬೇರೆ ದನಿ ತೆಗೆಯೋಣವೆಂದರೆ ರಾಜ ಅರ್ಧ ಮಾತಿನಲ್ಲಿದ್ದಾನೆ. ಅದೇ ದನಿಯಲ್ಲೇ ಮಾತು ಮುಗಿಸಿದಳು.

ಚಿತ್ರದಲ್ಲಿ ಹೊಳೆ ಉಕ್ಕಿತು. ದಾರಿ ತಪ್ಪಿದ ಮಗಳು ನೀರಿನತ್ತ ಓಡುತ್ತಿದ್ದಾಳೆ. ರಾಜ ಬಾಯಿಗೆ ಕೈ ಅಡ್ಡ ಹಿಡಿದು ಕೂಗುತ್ತಾನೆ. ಸಾವಿತ್ರವ್ವನಿಗೆ ತಂಬು, ಖಂಡೆಪ್ಪ, ಮಾವ ಎಲ್ಲ ಮರೆತುಹೋಯಿತು. ದಾರಿ ತಪ್ಪಿದ್ದನ್ನು ಹಿಂದಕ್ಕೆ ಕರೆಯಲು ಅವಳಿಗೆ ಗೊತ್ತಿದ್ದದ್ದು ಒಂದೇ ಕೂಗು.

"ಹುರ್ರ್ರ್ರೋ... ಬಾ ಬಾ ಬಾ... ಹೋಯ್!"

ಕುರುಬರಲ್ಲಿ ಒಂದೊಂದು ಮನೆಗೆ ಒಂದೊಂದು ಕೂಗು. ಹಿಂಡು ತನ್ನ ಮನೆಯ ಕೂಗಿಗಲ್ಲದೆ ತಿರುಗುವುದಿಲ್ಲ. ತಿರುಗಿತೋ, ಮತ್ತೆ ನಿಲ್ಲುವುದಿಲ್ಲ. ಹೊರಗೆ ತಡಿಕೆ ಮುರಿದ ಸದ್ದಾಯಿತು. ಇಡೀ ಹಿಂಡು ತಂಬುವಿನೊಳಕ್ಕೆ ನುಗ್ಗಿತು. ಧುಪದಾಳದ ಒಡ್ಡು ಒಡೆದರೂ ಅಷ್ಟು ರಭಸವಿರದು. ಒಬ್ಬ ಸಾಹುಕಾರ ಟಗರಿನ ಬೆನ್ನೇರಿ ಬಂದು ಪರದೆಯ ಬುಡದಲ್ಲಿ ಇಳಿದನೆಂದು ಈಗಲೂ ಹೇಳುತ್ತಾರೆ. ಟಿಕೆಟ್ಟು ಮಾತ್ರ ಕೈಯಲ್ಲೇ ಇತ್ತಂತೆ.

ಕುರಿಗಳ ನಡುವೆ ದಾರಿ ಮಾಡಿಕೊಂಡು ಬೀರಸಿದ್ದಪ್ಪ ಪರದೆಯ ಹಿಂದೆ ಬಂದು ನಿಂತ. ಖಂಡೆಪ್ಪ ಆಟಕ್ಕೆ ಬಾರಿಸುವ ತಬಲದ ಹಿಂದೆ ಅವಿತ. ಸಾವಿತ್ರವ್ವ ಸೆರಗು ಎಳೆದುಕೊಂಡು ತಲೆ ತಗ್ಗಿಸಿದಳು.

"ಆ ಕೂಗು ನಮ್ಮ ಮನೀದು," ಎಂದ ಮುದುಕ.

"ಹೌದ್ರಿ ಮಾವಾ."

"ಆ ಕೆಮ್ಮು ನಂದು."

"ಹೌದ್ರಿ."

ಮುದುಕನ ಕೋಲು ನೆಲದಿಂದ ಮೇಲೆದ್ದಿತು. ಅವಳು ಕಣ್ಣು ಮುಚ್ಚಿದಳು. ಏಟು ಬೀಳಲಿಲ್ಲ. ಕಣ್ಣು ತೆರೆದಾಗ ಕೋಲು ಪರದೆಯತ್ತ ಚಾಚಿತ್ತು. ಕುರಿ ನುಗ್ಗಲಿ, ಮಂದಿ ಓಡಲಿ, ಚಿತ್ರ ನಿಂತಿರಲಿಲ್ಲ. ರಾಜ ಇನ್ನೂ ಹೊಳೆಯ ದಂಡೆಯಲ್ಲಿ ಬಾಯಾಡಿಸುತ್ತಲೇ ಇದ್ದ.

"ಆ ಮುದುಕ ಬಾಯಿ ತಗದ ನಿಂತಾನ," ಎಂದ ಬೀರಸಿದ್ದಪ್ಪ. ಅವನ ದನಿ ಒಡೆದಿತ್ತು. "ಮಗಳು ತಿರುಗಿ ಬಂದ್ಲೋ ಇಲ್ಲೋ? ಮಾತಾಡಸವ್ವ ಅವನ್ನ!"

ಎರಡು ಟಗರುಗಳ ನಡುವೆ ಕಂಬಳಿ ಹಾಸಿ ಕೂತ. ಸಾವಿತ್ರವ್ವ ಗಂಟಲು ಸರಿಮಾಡಿಕೊಂಡು ರಾಜನ ದನಿ ಎತ್ತಿದಳು.

"ಹಂಗಲ್ಲ," ಎಂದ ಮಾವ ಮೆಲ್ಲಗೆ. "ಮೊದಲ ಕೆಮ್ಮು, ಆಮ್ಯಾಗ ಮಾತು."