ಉಪ್ಪಿನಕಾಯಿ ಅಕ್ಕನ ಜಿಎಸ್‌ಟಿ

ಬಿ.ಕಾಂ. ಮುಗಿಸಿ ನಾನು ಸೇರಿದ್ದು ಕುಂದಾಪುರದಲ್ಲಿ, ವ್ಯಾಪಾರಿಗಳ ಲೆಕ್ಕ ಬರೆದು ರಿಟರ್ನ್ ಹಾಕಿಕೊಡುವ ಒಬ್ಬರ ಆಫೀಸಿಗೆ. ಅಲ್ಲಿ ಮೊದಲು ಕಲಿತ ಘನ ವಿದ್ಯೆ ಇದು: ಸಣ್ಣ ಗಿರಾಕಿಗಳ ಜಿಎಸ್‌ಟಿ ನೋಂದಣಿಗೆ ಅವರ ಮೊಬೈಲ್ ನಂಬರ್ ಕೊಡಬಾರದು, ಆಫೀಸಿನದೇ ಕೊಡಬೇಕು. ಒಟಿಪಿಗಾಗಿ ಪದೇ ಪದೇ ಫೋನ್ ಮಾಡುವ ರಗಳೆ ತಪ್ಪುತ್ತದೆ ಎನ್ನುತ್ತಿದ್ದರು ಸರ್. ಗಿರಾಕಿ ಬೇರೆಯವರ ಹತ್ತಿರ ಹೋಗದ ಹಾಗೂ ಆಗುತ್ತದೆ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

ಆ ಸಿಮ್ ಇದ್ದದ್ದು ಅವರ ಡ್ರಾಯರಿನ ಹಳೆಯ ಫೋನಿನಲ್ಲಿ. ರೀಚಾರ್ಜ್ ಮುಗಿದಿದೆ ಎಂದು ನಾನು ಹೇಳಿದಾಗಲೆಲ್ಲ "ಕಾಂಬ" ಎಂದು ನಾಳೆಗೆ ತಳ್ಳಿದರು. ಕಡೆಗೆ ಸಿಮ್ ಸತ್ತಿತು. ದೊಡ್ಡ ಗಿರಾಕಿಗಳದ್ದನ್ನು ಓಡಾಡಿ ಹೊಸ ನಂಬರಿಗೆ ಬದಲಾಯಿಸಿದರು. ಹಾಲಾಡಿಯಲ್ಲಿ ಉಪ್ಪಿನಕಾಯಿ ಮಾಡಿ ಮಾರುವ ಅಕ್ಕನ ರಿಟರ್ನ್ ಒಟಿಪಿ ಬಾರದೆ ಅಲ್ಲಿಗೇ ನಿಂತಿತು, ಫೀಸು ನಿಲ್ಲಲಿಲ್ಲ. ಅಕ್ಕನಿಗೆ ತಿಳಿಸುತ್ತೇನೆ ಎಂದರೆ "ನಿಂಗೆಂತಕ್ ಅದೆಲ್ಲ, ನಾನ್ ಹೇಳ್ತೆ" ಎಂದು ಗದರಿದರು. ಇಲಾಖೆಯ ನೋಟಿಸು ಆ ಸತ್ತ ನಂಬರಿಗೇ ಹೋಗಿ, ಯಾರ ಕಣ್ಣಿಗೂ ಬೀಳದೆ ನೋಂದಣಿಯೇ ರದ್ದಾಯಿತು.

ಅಕ್ಕ ಓಡಿ ಬಂದದ್ದು ಕೊಲ್ಲೂರಿನ ಲಾಡ್ಜಿನವರು ಅವಳ ಬಿಲ್ಲು ವಾಪಸು ಮಾಡಿದ ದಿನ. ಜಿಎಸ್‌ಟಿ ನಂಬರ್ ಸರಿಯಾಗುವ ತನಕ ಉಪ್ಪಿನಕಾಯಿ ಬೇಡ ಎಂದಿದ್ದರಂತೆ. ಅವಳ ಮನೆ ನಡೆಯುತ್ತಿದ್ದದ್ದೇ ಆ ಆರ್ಡರಿನಿಂದ.

ಸರ್ ಒಂದು ಗಳಿಗೆಯೂ ತಡವರಿಸಲಿಲ್ಲ. ನನ್ನತ್ತ ಕೈ ತೋರಿಸಿದರು. "ಕಾಣಿ ಅಕ್ಕ, ಈ ಹೆಣ್ಣಿಗ್ ಹೇಳಿ ಹೇಳಿ ನಂಗ್ ಸಾಕಾಯ್ತ್. ಇವತ್ತೇ ಕೆಲ್ಸ ಬಿಡ್ಸ್ತೆ."

"ಸಿಮ್ಮಿಗ್ ರೀಚಾರ್ಜ್ ಮಾಡಿ ಅಂದದ್ ನಾನೇ ಅಲ್ದಾ ಸರ್?" ಎಂದೆ. ಸಿಟ್ಟಿಗೆ ನನ್ನ ದನಿ ಕೀರಲಾಗಿತ್ತು.

"ಕೇಂಡ್ರಿಯಾ ಅಕ್ಕ, ಎದ್ರ್ ಮಾತ್ ಬೇರೆ," ಎಂದರು, ಬಹಳ ನೊಂದವರ ಹಾಗೆ.

ಅಕ್ಕ ನನ್ನ ಮುಖ ನೋಡಿದಳು. ಬಂದಾಗಲೆಲ್ಲ ನನಗೆಂದು ಮಿಡಿ ಉಪ್ಪಿನಕಾಯಿ ತರುತ್ತಿದ್ದವಳು. ಅವಳಿಗೆ ನಿಜ ಗೊತ್ತಾಯಿತು, ನಾನು ಕಂಡೆ. ಆದರೆ ನೋಂದಣಿ ಮತ್ತೆ ಆಗಬೇಕಿದ್ದರೆ ಬೇಕಾದವರು ಸರ್, ನಾನಲ್ಲ.

"ಅನ್ನ ತಿಂಬವ್ರ್ ಮಾಡು ಕೆಲ್ಸವಾ ಹೆಣ್ಣೆ ಇದ್?" ಎಂದಳು ನನಗೆ. ಸರ್ ಮೇಲಿನ ಸಿಟ್ಟು ಎಂದೋ ಇಳಿದಿದೆ. ಅವಳ ಮೇಲಿನದು ಇಂದಿಗೂ ಇಳಿದಿಲ್ಲ.

ಆಮೇಲೆ ಅವರತ್ತ ತಿರುಗಿ ದನಿ ತಗ್ಗಿಸಿದಳು. ನಾನಿನ್ನೂ ನನ್ನ ಕುರ್ಚಿಯಲ್ಲೇ ಕುಳಿತಿದ್ದೆ.

"ಹ್ವಾಯ್, ನನ್ ಮಗಳ್ ಬಿ.ಕಾಂ. ಮುಗ್ಸಿ ಕೆಲ್ಸ ಇಲ್ದೆ ಮನಿಯಂಗೇ ಇತ್. ಈ ಜಾಗಕ್ಕೆ ಕಳ್ಸ್ಲಕ್ಕಾ?"

"ಸೋಮವಾರ ಬಪ್ಪುಕ್ ಹೇಳಿ," ಎಂದರು ಸರ್. ಮತ್ತೆ ನನ್ನ ಕಡೆಗೆ ನೋಡದೆಯೇ, "ಆ ಹೆಣ್ಣಿಗ್ ಪಾಸ್‌ವರ್ಡ್ ಎಲ್ಲ ಬರ್ದಿಟ್ ಹೋಗ್."